ಬಿಸಿಲಲ್ಲಿ ಬೆಂದ ಪೆನ್‌ಡ್ರೈವ್, ಕಳೆದುಹೋದ ಸೋಬಾನೆ

ತಿಂಗಳಿಗೆ ಎರಡು ಸಲ, ಶುಕ್ರವಾರ ಸಂಜೆ ಕೆಲಸ ಮುಗಿಸಿ ಅಚ್ಯುತಾಪುರಂನಿಂದ ವಿಜಯವಾಡಕ್ಕೆ ಕಾರಿನಲ್ಲಿ ಹೊರಡುತ್ತೇನೆ. ನನ್ನ ಕೆಲಸ ಇಲ್ಲಿನ ವಿಶೇಷ ಆರ್ಥಿಕ ವಲಯದ ಔಷಧ ಕಾರ್ಖಾನೆಯಲ್ಲಿ. ಹೆಂಡತಿಯ ಕೆಲಸ ವಿಜಯವಾಡದ ಬ್ಯಾಂಕಿನಲ್ಲಿ. ನಡುವೆ ಮುನ್ನೂರು ಕಿಲೋಮೀಟರ್ ಆಸುಪಾಸಿನ ದಾರಿ. ಯಲಮಂಚಿಲಿಯಲ್ಲಿ 16ನೇ ರಾಷ್ಟ್ರೀಯ ಹೆದ್ದಾರಿ ಸೇರಿದರೆ ತುನಿ, ಅನ್ನವರಂ, ರಾಜಮಹೇಂದ್ರವರಂ, ತಣುಕು, ಏಲೂರು ದಾಟಿ ಮನೆ ಮುಟ್ಟುವಾಗ ಮಧ್ಯರಾತ್ರಿ. ಈ ಆರು ಗಂಟೆ ನನ್ನ ಜೊತೆಗಿರುವುದು ಕನ್ನಡ ಹಾಡು.

ರೇಡಿಯೊ ಹಾಕಿದರೆ ತೆಲುಗು. ಅದನ್ನೂ ಖುಷಿಯಿಂದ ಕೇಳುತ್ತೇನೆ, ಆದರೆ ಒಂದು ಹಂತದಲ್ಲಿ ಕಿವಿ ನಮ್ಮ ಭಾಷೆಯನ್ನೇ ಬೇಡುತ್ತದೆ. ಮೊಬೈಲಿನಲ್ಲಿ ಹಾಡು ಹಾಕಿದರೆ ನಡುನಡುವೆ ಕರೆ, ನಕ್ಷೆಯ ಸೂಚನೆ, ನೆಟ್‌ವರ್ಕ್ ತೊಂದರೆ. ಹಾಗಾಗಿ ನಾನು ಹಳೇ ಕಾಲದವನಂತೆ ಪೆನ್‌ಡ್ರೈವ್ ಚುಚ್ಚಿಕೊಂಡೇ ಹೋಗುವವನು.

ಈ ದಾರಿಯಲ್ಲಿ ಕನ್ನಡ ಹಾಡು ಕೇಳುವುದರಲ್ಲಿ ಇನ್ನೊಂದು ಸೊಗಸಿದೆ. ಕತ್ತಿಪೂಡಿಯಲ್ಲಿ ಎಡಕ್ಕೆ ಹೊರಳಿದರೆ ಕಾಕಿನಾಡ. ಡಾ. ರಾಜ್‌ಕುಮಾರ್ ಅವರಿಗೆ ವರ್ಷಗಟ್ಟಲೆ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ 1930ರಲ್ಲಿ ಹುಟ್ಟಿದ್ದು ಅಲ್ಲಿ. ಪಿ. ಸುಶೀಲಾ 1935ರಲ್ಲಿ ಹುಟ್ಟಿದ್ದು ವಿಶಾಖಪಟ್ಟಣದ ಆಚೆಯ ವಿಜಯನಗರಂನಲ್ಲಿ. ಎಸ್. ಜಾನಕಿ ಗುಂಟೂರು ಸೀಮೆಯವರು, ಎಸ್‌ಪಿಬಿ ನೆಲ್ಲೂರು ಕಡೆಯವರು. ನಮ್ಮೂರಿನದು ಎಂದು ನಾನು ಹೊತ್ತು ತಂದ ದನಿಗಳೆಲ್ಲ ಇದೇ ಕರಾವಳಿಯಲ್ಲಿ ಹುಟ್ಟಿದವು!

ಆದರೆ ನನ್ನ ಪೆನ್‌ಡ್ರೈವ್‌ನಲ್ಲಿ ಇನ್ನೊಂದು ದನಿಯೂ ಇತ್ತು. ಅದನ್ನು ಕಳೆದುಕೊಂಡ ಕತೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಲವತ್ತೆರಡು ನಿಮಿಷ

ನಮ್ಮದು ತಿಪಟೂರು ಕಡೆಯ ಹಳ್ಳಿ. ಅಕ್ಕನ ಮಗಳ ಮದುವೆಯಲ್ಲಿ ಚಪ್ಪರದ ಕೆಳಗೆ ಕುಳಿತು ಅವ್ವ ಸೋಬಾನೆ ಪದ ಹೇಳಿದ್ದಳು. ಮೊಬೈಲಿನಲ್ಲಿ ದಾಖಲು ಮಾಡಿಕೊಂಡಿದ್ದೆ, ನಲವತ್ತೆರಡು ನಿಮಿಷ. ಎರಡು ವರ್ಷದ ನಂತರ ಅವ್ವ ತೀರಿಕೊಂಡಳು. ಮೊಬೈಲು ಬದಲಾಯಿಸುವಾಗ ಅದನ್ನು ಕಾರಿನ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಹಳೆಯ ಮೊಬೈಲನ್ನು ಅಂಗಡಿಗೆ ಕೊಟ್ಟು ಹೊಸದಕ್ಕೆ ರಿಯಾಯಿತಿ ಪಡೆದೆ. ಪೆನ್‌ಡ್ರೈವ್‌ನಲ್ಲಿದೆಯಲ್ಲ ಎಂಬ ಧೈರ್ಯ.

ಒಂದು ಮೇ ತಿಂಗಳು, ನೆರಳಿಲ್ಲದ ಜಾಗದಲ್ಲಿ ಇಡೀ ದಿನ ನಿಂತಿದ್ದ ಕಾರು ಹತ್ತಿದೆ. ಪರದೆಯ ಮೇಲೆ ‘ಸಾಧನ ಇಲ್ಲ’ ಎಂಬ ಸೂಚನೆ. ಕೈಗೆ ತೆಗೆದರೆ ಲೋಹದ ಆ ಪುಟ್ಟ ಪೆನ್‌ಡ್ರೈವ್ ಬೆರಳು ಸುಡುವಷ್ಟು ಬಿಸಿ. ಕಂಪ್ಯೂಟರಿಗೆ ಹಾಕಿದರೆ ಮೊದಲ ದಿನ ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿತು, ಮರುದಿನ ಅದೂ ಇಲ್ಲ. ವಿಶಾಖಪಟ್ಟಣದ ರಿಪೇರಿ ಅಂಗಡಿಯ ಹುಡುಗ ನೋಡಿ, “ಸಾರ್, ಇಂಥ ಚಿಕ್ಕದರಲ್ಲಿ ಎಲ್ಲವೂ ಒಂದೇ ಚಿಪ್ಪಿನೊಳಗೆ ಇರುತ್ತೆ. ನಾವು ಬಿಡಿಸಿ ನೋಡೋಕೆ ಆಗಲ್ಲ” ಎಂದು ಕೈಚೆಲ್ಲಿದ.

ನನ್ನ ಕೆಲಸವೇ ನನ್ನನ್ನು ನೋಡಿ ನಕ್ಕಂತಾಯಿತು. ಔಷಧ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂದು ಪರೀಕ್ಷಿಸುವ ವಿಭಾಗದಲ್ಲಿ ನಾನಿರುವುದು. 40 ಡಿಗ್ರಿ ಉಷ್ಣತೆ, ಶೇ 75ರಷ್ಟು ತೇವಾಂಶದಲ್ಲಿ ಮಾತ್ರೆಗಳನ್ನು ಆರು ತಿಂಗಳಿಟ್ಟು ಲೆಕ್ಕ ಬರೆಯುವವನು. ಅವ್ವನ ದನಿಯನ್ನು ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚಿನ ಶಾಖದಲ್ಲಿ, ಯಾವ ಲೆಕ್ಕವೂ ಇಲ್ಲದೆ ಇಟ್ಟಿದ್ದೆ.

ಬಿಸಿಲು ಏನು ಮಾಡುತ್ತದೆ?

ಪೆನ್‌ಡ್ರೈವ್ ಆಗಲಿ, ಮೆಮೊರಿ ಕಾರ್ಡ್ ಆಗಲಿ, ಒಳಗಿರುವುದು ಫ್ಲ್ಯಾಶ್ ಮೆಮೊರಿ. ಕೋಟಿಗಟ್ಟಲೆ ಪುಟ್ಟ ಕೋಶಗಳಲ್ಲಿ ವಿದ್ಯುತ್ ಕಣಗಳನ್ನು ಕೂಡಿಹಾಕಿ ಮಾಹಿತಿ ಹಿಡಿದಿಡುತ್ತದೆ. ಶಾಖ ಹೆಚ್ಚಿದಂತೆ ಈ ಕಣಗಳು ಸೋರುವುದೂ ಹೆಚ್ಚು. ಸಣ್ಣಪುಟ್ಟ ತಪ್ಪನ್ನು ಒಳಗಿನ ನಿಯಂತ್ರಕವೇ ಸರಿಪಡಿಸಿಕೊಳ್ಳುತ್ತದೆ. ತಪ್ಪು ಮಿತಿ ಮೀರಿದರೆ, ಇಲ್ಲವೇ ನಿಯಂತ್ರಕವೇ ಕೆಟ್ಟರೆ, ಕತೆ ಮುಗಿಯಿತು.

ಸಾಮಾನ್ಯ ಪೆನ್‌ಡ್ರೈವ್‌ಗಳ ಕೆಲಸದ ಮಿತಿ ಹೆಚ್ಚೆಂದರೆ 60 ಡಿಗ್ರಿ ಎಂದು ಅನೇಕ ತಯಾರಕರು ಬರೆದಿರುತ್ತಾರೆ. ಬಿಸಿಲಲ್ಲಿ ನಿಂತ ಕಾರು? ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹೊರಗೆ 38 ಡಿಗ್ರಿ ಇರುವ ದಿನ ಒಂದೇ ಗಂಟೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಮುಟ್ಟಿತ್ತು. ವಿಜಯವಾಡದ ಮೇ ತಿಂಗಳಲ್ಲಿ 38 ಡಿಗ್ರಿ ಎಂದರೆ ತಂಪು ದಿನ! ರಾಯಚೂರು, ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳುವುದು?

ಮೊದಲು ಒಂದು ಭ್ರಮೆ ಬಿಡೋಣ: ವೇಗ ಹೆಚ್ಚಿದ್ದರೆ ಒಳ್ಳೆಯದು ಎಂಬುದು. ಎಂಪಿ3ಯಲ್ಲಿ ಉತ್ತಮ ಗುಣಮಟ್ಟವೆನ್ನುವ 320 ಕೆಬಿಪಿಎಸ್ ಹಾಡಿಗೆ ಸೆಕೆಂಡಿಗೆ 40 ಕಿಲೋಬೈಟ್ ಸಾಕು. ಎಷ್ಟು ಹಳೆಯ ಯುಎಸ್‌ಬಿ 2.0 ಆದರೂ ಅದರ ನೂರಾರು ಪಟ್ಟು ಕೊಡುತ್ತದೆ. ಕಾರಿನಲ್ಲಿ ಬರೀ ಹಾಡು ಕೇಳುವವರು ವೇಗಕ್ಕೆ ದುಡ್ಡು ಸುರಿಯಬೇಕಿಲ್ಲ.

ಎರಡನೆಯದು ಗಾತ್ರ. ನಾಲ್ಕು ನಿಮಿಷದ ಅಂಥ ಹಾಡು ಹತ್ತು ಎಂಬಿಗಿಂತ ತುಸು ಕಡಿಮೆ. 32 ಜಿಬಿಯಲ್ಲಿ ಸುಮಾರು 3,000 ಹಾಡು ಹಿಡಿಯುತ್ತವೆ. ಅಂದರೆ 200 ಗಂಟೆ. ಅಚ್ಯುತಾಪುರಂ–ವಿಜಯವಾಡ ಮೂವತ್ತು ಸಲ ಓಡಿದರೂ ಹಾಡು ಮುಗಿಯುವುದಿಲ್ಲ. ದೊಡ್ಡದು ಕೊಂಡರೆ ಕೆಲವು ಕಾರುಗಳ ಪ್ಲೇಯರ್ ಪಟ್ಟಿ ಓದುವುದರಲ್ಲೇ ಸುಸ್ತಾಗುತ್ತದೆ.

ಮೂರನೆಯದು ಆಕಾರ. ಉದ್ದನೆಯದಕ್ಕೆ ಮೊಣಕಾಲು ತಾಗಿದರೆ ಕಾರಿನ ಪೋರ್ಟೇ ಸಡಿಲವಾಗುತ್ತದೆ. ಉಗುರಿನಷ್ಟು ಚಿಕ್ಕದು ನೋಡಲು ಚೆಂದ, ಆದರೆ ಶಾಖ ಹರಡಲು ಅದರಲ್ಲಿ ಜಾಗವಿಲ್ಲ, ಕೆಟ್ಟರೆ ಮಾಹಿತಿ ಹೊರತೆಗೆಯುವುದೂ ಕಷ್ಟ. ನಾನೀಗ ನಡುವಿನ ಅಳತೆಯದನ್ನು, ಗೇರ್ ಪಕ್ಕದ ಮುಚ್ಚಳವಿರುವ ಪೆಟ್ಟಿಗೆಯೊಳಗಿನ ಪೋರ್ಟಿಗೆ ಹಾಕುತ್ತೇನೆ. ಅಲ್ಲಿಗೆ ನೇರ ಬಿಸಿಲು ಬೀಳುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಕಾರಿನಲ್ಲಿ ಯಾವ ಪೋರ್ಟ್ ಹಾಡಿಗೆ, ಯಾವುದು ಬರೀ ಚಾರ್ಜಿಗೆ ಎಂದೂ ನೋಡಿಕೊಳ್ಳಿ.

ಶಾಖದ ಚಿಂತೆ ಹೆಚ್ಚಿದ್ದವರಿಗೆ ಇನ್ನೊಂದು ದಾರಿಯಿದೆ. ಡ್ಯಾಶ್‌ಕ್ಯಾಮ್‌ಗೆಂದೇ ಮಾಡಿದ, ಹೆಚ್ಚು ಬಾಳಿಕೆಯ ಮೈಕ್ರೊ ಎಸ್‌ಡಿ ಕಾರ್ಡ್. ಇಂಥ ಹಲವು ಕಾರ್ಡ್‌ಗಳ ಮಿತಿ 85 ಡಿಗ್ರಿಯವರೆಗೆ ಇರುತ್ತದೆ. ಕಾರ್ಡ್ ರೀಡರ್‌ಗೆ ಹಾಕಿದರೆ ಪೆನ್‌ಡ್ರೈವ್‌ನಂತೆಯೇ ನಡೆಯುತ್ತದೆ. ರಟ್ಟಿನ ಮೇಲೆ ಬರೆದ ಉಷ್ಣತೆಯ ಮಿತಿ ಓದಿ ಕೊಳ್ಳಿ.

ನಾಲ್ಕನೆಯದು ನಕಲಿ ಮಾಲು. ಸಂತೆಯಲ್ಲಿ, ಸಿಗ್ನಲ್ ಬಳಿ ಮಾರುವ ‘ಸಾವಿರ ಜಿಬಿ’ಯ ಒಳಗೆ ನಿಜಕ್ಕೂ ಇರುವುದು ಎಂಟೋ ಹದಿನಾರೋ ಜಿಬಿ. ಕಂಪ್ಯೂಟರಿಗೂ ಸುಳ್ಳು ಲೆಕ್ಕವನ್ನೇ ತೋರಿಸುತ್ತದೆ, ಹಾಡು ತುಂಬುತ್ತಾ ಹೋದಂತೆ ಹಳೆಯವು ಕೆಡುತ್ತವೆ. ಕೊಂಡ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿ. ಅದು ಪೆನ್‌ಡ್ರೈವ್ ಪೂರ್ತಿ ಬರೆದು, ಮತ್ತೆ ಓದಿ, ಬರೆದದ್ದೂ ಓದಿದ್ದೂ ಒಂದೇ ಇದೆಯೇ ಎಂದು ಹೇಳುತ್ತದೆ.

ಕಾರಿಗೆ ಓದಲು ಬರುವಂತೆ

ಪೆನ್‌ಡ್ರೈವ್ ಸರಿಯಿದ್ದರೂ ಕಾರು ಓದದಿದ್ದರೆ ಕಾರಣ ಬಹುತೇಕ ಫಾರ್ಮ್ಯಾಟ್. ಹೆಚ್ಚಿನ ಕಾರುಗಳಿಗೆ ಗೊತ್ತಿರುವುದು ಫ್ಯಾಟ್32. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಎಲ್ಲಕ್ಕೂ ತಿಳಿಯುವುದಿಲ್ಲ. ವಿಂಡೋಸ್‌ನ ಸಾಮಾನ್ಯ ಫಾರ್ಮ್ಯಾಟ್ ಕಿಟಕಿ ಬಹುಕಾಲ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆ ತೋರಿಸುತ್ತಲೇ ಇರಲಿಲ್ಲ. 32 ಜಿಬಿ ಸಾಕು ಎನ್ನಲು ಇದೂ ಒಂದು ಕಾರಣ. ಫ್ಯಾಟ್32ರಲ್ಲಿ ಒಂದೊಂದು ಫೈಲ್ 4 ಜಿಬಿ ಮೀರುವಂತಿಲ್ಲ. ಹಾಡಿಗೆ ಇದು ತೊಡಕಲ್ಲ, ಸಿನಿಮಾ ತುಂಬುವವರು ನೆನಪಿಡಿ.

ಅನೇಕ ಪ್ಲೇಯರ್‌ಗಳಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ, ಬರೀ ಚೌಕಗಳು ಕಾಣುತ್ತವೆ. ಮನಸ್ಸಿಗೆ ಬೇಸರವೇ, ಆದರೂ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮುಂದೆ 01, 02 ಎಂದು ಸಂಖ್ಯೆ ಹಾಕಿ. ಕಂಪ್ಯೂಟರಿನಿಂದ ತೆಗೆಯುವಾಗ ‘ಇಜೆಕ್ಟ್’ ಕೊಡದೆ ಕೀಳಬೇಡಿ. ಬರೆಯುವುದು ಪೂರ್ತಿ ಮುಗಿಯುವ ಮೊದಲೇ ಕಿತ್ತರೆ ಫೈಲ್‌ಗಳ ಪಟ್ಟಿಯೇ ಹಾಳಾಗಬಹುದು.

ಕಾರಿನಲ್ಲಿರುವುದು ನಕಲು ಮಾತ್ರ

ನಮ್ಮ ಕಾರ್ಖಾನೆಯಲ್ಲಿ ಒಂದು ನಿಯಮವಿದೆ: ಮೂಲ ದಾಖಲೆ ಎಲ್ಲಿದೆ ಎಂದು ಯಾವಾಗ ಕೇಳಿದರೂ ತೋರಿಸಬೇಕು. ಕಾರಿನ ಪೆನ್‌ಡ್ರೈವ್‌ಗೂ ಅದೇ ನಿಯಮ. ಎಷ್ಟೇ ಒಳ್ಳೆಯದನ್ನು ಕೊಂಡರೂ ಅದು ಬಿಸಿಲಿಗೆ, ಕುಲುಕಾಟಕ್ಕೆ ಒಡ್ಡಿಕೊಂಡ ವಸ್ತು, ಒಂದು ದಿನ ಕೆಡುವಂಥದ್ದೇ. ಕೆಟ್ಟರೆ ನಾಲ್ಕು ನೂರು ರೂಪಾಯಿ ಹೋಯಿತು ಎನ್ನುವಂತಿರಬೇಕು, ಅಷ್ಟೆ.

ಪೆನ್‌ಡ್ರೈವ್ ಹೋದ ಸುದ್ದಿಯನ್ನು ಅಕ್ಕನಿಗೆ ಹೇಳಲು ಒಂದು ವಾರ ಹಿಡಿಯಿತು. ಕೇಳಿ ಸುಮ್ಮನಿದ್ದು, ಆಮೇಲೆ, “ಯಾಕ್ಲಾ ಅಳ್ತೀಯ, ಆವತ್ತು ನನಗೂ ಎರಡ್ಮೂರು ಕಳಿಸಿದ್ದೆಯಲ್ಲ, ಹುಡುಕ್ತೀನಿ ಇರು” ಎಂದಳು. ಅವಳ ವಾಟ್ಸ್‌ಆ್ಯಪ್‌ನಲ್ಲಿ ಮೂರು ತುಣುಕು ಸಿಕ್ಕವು. ಒಟ್ಟು ಹನ್ನೊಂದು ನಿಮಿಷ. ಉಳಿದ ಮೂವತ್ತೊಂದು ನಿಮಿಷ ಹೋಯಿತು.

ದಸರೆಗೆ ಊರಿಗೆ ಹೋದಾಗ ಚಿಕ್ಕವ್ವನನ್ನು ಕೂರಿಸಿಕೊಂಡು ಕೇಳಿದೆ. “ನಿಮ್ಮವ್ವನಷ್ಟು ನನಗೆ ಬರಾಕಿಲ್ಲ ಕಣಪ್ಪ” ಎನ್ನುತ್ತಲೇ ನಾಲ್ಕು ಪದ ಹೇಳಿದಳು. ಐದನೆಯದರ ಎರಡನೇ ನುಡಿ ಅವಳಿಗೂ ನೆನಪಿಗೆ ಬರಲಿಲ್ಲ. ಊರಲ್ಲಿ ಬೇರೆ ಯಾರಿಗೂ ಬರಲಿಲ್ಲ.

ಈಗ ಅವ್ವನ ಹನ್ನೊಂದು ನಿಮಿಷ, ಚಿಕ್ಕವ್ವನ ನಾಲ್ಕು ಪದ ನನ್ನ ಕಂಪ್ಯೂಟರಿನಲ್ಲಿ, ಹೆಂಡತಿಯ ಬಳಿಯ ಹಾರ್ಡ್‌ಡಿಸ್ಕ್‌ನಲ್ಲಿ, ಇಂಟರ್ನೆಟ್ ಖಾತೆಯಲ್ಲಿ, ತಿಪಟೂರಿನ ಅಕ್ಕನ ಮನೆಯಲ್ಲಿ ಇವೆ. ಕಾರಿನಲ್ಲಿರುವುದು ಐದನೇ ಪ್ರತಿ. ರಾಜಮಹೇಂದ್ರವರಂ ಬಳಿ ಗೋದಾವರಿ ಸೇತುವೆ ಹತ್ತುವಾಗ ಅದನ್ನು ಹಾಕುತ್ತೇನೆ.

ಹೊರನಾಡಿನಲ್ಲಿರುವ ನಿಮ್ಮ ಕಾರಿನಲ್ಲೂ ಇಂಥದ್ದೊಂದು ಇದ್ದರೆ, ಈ ಭಾನುವಾರವೇ ಪೆನ್‌ಡ್ರೈವ್ ಕಿತ್ತು ತಂದು ಇನ್ನೆರಡು ಕಡೆ ಇಳಿಸಿಕೊಳ್ಳಿ. ಒಳ್ಳೆಯ ಪೆನ್‌ಡ್ರೈವ್ ಆಮೇಲೆ ಕೊಂಡರಾಯಿತು.