ಕುಡಿದು ಮೋಟಾರು ನಡೆಸಿದವರಿಗೆ ಪಾಠ

ಕುಡಿದು ಮೋಟಾರು ನಡೆಸಿ ಸಿಕ್ಕಿಬಿದ್ದವನಿಗೆ ಬ್ರಿಟನ್ನಿನ ನ್ಯಾಯಾಲಯ ಸಾಮಾನ್ಯವಾಗಿ ಕನಿಷ್ಠ 12 ತಿಂಗಳು ವಾಹನ ಮುಟ್ಟಬಾರದೆಂದು ನಿಷೇಧ ಹಾಕುತ್ತದೆ. ಅದರ ಜೊತೆಗೆ ಒಂದು ಅವಕಾಶವನ್ನೂ ಕೊಡಬಹುದು. ತನ್ನ ಖರ್ಚಿನಲ್ಲೇ ಸುಮಾರು 16 ಗಂಟೆಗಳ ಒಂದು ಶಿಕ್ಷಣಕ್ರಮವನ್ನು ಮುಗಿಸಿದರೆ ನಿಷೇಧದ ಅವಧಿಯಲ್ಲಿ ಕಾಲುಭಾಗದವರೆಗೆ ರಿಯಾಯಿತಿ. 1993ರಲ್ಲಿ ಪ್ರಯೋಗವೆಂದು ಮೊದಲಾದ ಈ ಏರ್ಪಾಡು 2000ದಲ್ಲಿ ಕಾಯಂ ಆಯಿತು.

ಅಲ್ಲಿ ಪಾಠ ಹೇಳುವವರ ಕೆಲಸ ಎಂಥದೆಂದು ನೀವು ಊಹಿಸಬಲ್ಲಿರಾ? ಪಾನನಿರೋಧದ ಭಾಷಣ ಮಾಡುತ್ತಾರೆಂದು ನೀವು ಎಣಿಸಿದ್ದರೆ ಅದು ತಪ್ಪು. ಎದುರಿಗೆ ಕುಳಿತವರಲ್ಲಿ ಗುಮಾಸ್ತನಿರಬಹುದು, ಲಾರಿ ಚಾಲಕನಿರಬಹುದು, ಮಕ್ಕಳನ್ನು ಶಾಲೆಗೆ ಬಿಡಲು ಹೊರಟು ಸಿಕ್ಕಿಬಿದ್ದ ತಾಯಿಯೂ ಇರಬಹುದು. ನಾಚಿಕೆ ಕೆಲವರಿಗೆ, ಪೋಲೀಸರ ಮೇಲೆ ಸಿಟ್ಟು ಹಲವರಿಗೆ. ಇಂಥವರ ಮುಂದೆ ನೀತಿ ಹೇಳಿದರೆ ಕಿವಿ ಮುಚ್ಚಿಕೊಂಡಾರು. ಆದ್ದರಿಂದ ಜಾಣ ಶಿಕ್ಷಕ ಲೆಕ್ಕದಿಂದ ತೊಡಗುತ್ತಾನೆ.

ನೀವೂ ಮನೆಯಲ್ಲಿ ಪರೀಕ್ಷಿಸಬಹುದು, ನೀರೇ ಸಾಕು. ಅಳತೆ ನೋಡದೆ 25 ಮಿಲಿಲೀಟರು ನೀರನ್ನು ಲೋಟಕ್ಕೆ ಸುರಿಯಿರಿ. ಬಳಿಕ ಔಷಧದ ಅಳತೆ ಬಟ್ಟಲಿಗೆ ಅದನ್ನು ಬಗ್ಗಿಸಿ ನೋಡಿ. ಹೆಚ್ಚಾಗಿದ್ದರೆ ಆಶ್ಚರ್ಯಪಡಬೇಡಿ, ಅಲ್ಲಿಯವರದೂ ಹೆಚ್ಚಾಗಿಯೇ ಇರುತ್ತದೆ. ನೂರಕ್ಕೆ 40ರ ಬಲದ ವಿಸ್ಕಿಯಾದರೆ 25 ಮಿಲಿಲೀಟರಿನಲ್ಲಿ 10 ಮಿಲಿಲೀಟರು ಶುದ್ಧ ಮದ್ಯಸಾರ ಇರುತ್ತದೆ. ಅದೇ ಅವರ ಒಂದು 'ಯೂನಿಟ್ಟು'. ದೇಹ ಅದನ್ನು ಕರಗಿಸಲು ಸುಮಾರು ಒಂದು ಗಂಟೆ ಬೇಕು. ತಣ್ಣೀರ ಸ್ನಾನ, ಗಟ್ಟಿ ಕಾಫಿ ಯಾವುದೂ ಅದನ್ನು ಅವಸರಪಡಿಸಲಾರದು.

ಈಗ ಲೆಕ್ಕ ಹಾಕಿ. ನೂರಕ್ಕೆ 5ರ ಬಲದ ಬೀರು ನಾಲ್ಕು ಪೈಂಟು ಕುಡಿದರೆ 11 ಯೂನಿಟ್ಟು ದಾಟುತ್ತದೆ. ರಾತ್ರಿ 11ಕ್ಕೆ ಕೊನೆಯ ಗುಟುಕು ಮುಗಿಸಿ, ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ 7ಕ್ಕೆ ಚಕ್ರ ಹಿಡಿದವನ ರಕ್ತದಲ್ಲಿ ರಾತ್ರಿಯ ಮದ್ಯ ಇನ್ನೂ ಉಳಿದಿರುತ್ತದೆ. "ನಾನು ಕುಡಿದೇ ಇರಲಿಲ್ಲ, ಅದು ಮರುದಿನ!" ಎಂದು ವಾದಿಸುತ್ತ ಬಂದವನು ತಾನೇ ಕಾಗದದ ಮೇಲೆ ಕೂಡಿ ಕಳೆದು ಸುಮ್ಮನಾಗುವ ಗಳಿಗೆ ಇದೇ. ಉತ್ತರವನ್ನು ಶಿಕ್ಷಕ ಹೇಳಬಾರದು, ಅವನೇ ಕಂಡುಕೊಳ್ಳಬೇಕು.

ಅಂದಹಾಗೆ, 1967ರ ಬ್ರಿಟಿಷ್ ಕಾಯಿದೆ 100 ಮಿಲಿಲೀಟರು ರಕ್ತಕ್ಕೆ 80 ಮಿಲಿಗ್ರಾಂ ಮದ್ಯಸಾರದ ಮಿತಿ ಹಾಕಿತು. ಸ್ಕಾಟ್ಲೆಂಡು 2014ರಲ್ಲಿ ಅದನ್ನು 50ಕ್ಕೆ ಇಳಿಸಿತು. ನಮ್ಮ 1988ರ ಮೋಟಾರು ವಾಹನ ಕಾಯಿದೆಯಲ್ಲಿ ಇರುವುದು 30 ಮಾತ್ರ.

ಈ ಕೆಲಸದ ಕಷ್ಟ ಬೇರೆಡೆ ಇದೆ. ಪಾಠದ ಕೊನೆಗೆ ಪರೀಕ್ಷೆಯಿಲ್ಲ. ಆದರೆ ಪೂರ್ತಿ ಹಾಜರಾಗದವನಿಗೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದಿದ್ದರೆ ರಿಯಾಯಿತಿಯಿಲ್ಲ. ಕುಡಿದ ವಾಸನೆಯೊಡನೆ ಬಂದವನನ್ನು ಬಾಗಿಲಲ್ಲೇ ಹಿಂದಿರುಗಿಸಬೇಕು, ಅವನ ಉದ್ಯೋಗ ಆ ಲೈಸೆನ್ಸನ್ನೇ ನೆಚ್ಚಿಕೊಂಡಿದ್ದರೂ ಸಹ. ಮೂರು ದಿನ ಸ್ನೇಹದಿಂದ ಮಾತನಾಡಿಸಬೇಕಾದವನಿಗೆ ಇದು ಸುಲಭವೇ?

ಇನ್ನು ಕೆಲವರು ಕುಡಿತಕ್ಕೆ ದಾಸರೇ ಆಗಿಬಿಟ್ಟವರು. ಲೆಕ್ಕ ಅವರಿಗೆ ಬೇಗ ಅರ್ಥವಾಗುತ್ತದೆ, ಉಪಯೋಗಕ್ಕೆ ಮಾತ್ರ ಬಾರದು. ಬೆಳಿಗ್ಗೆ ಕೈನಡುಗುವಂಥ ವ್ಯಕ್ತಿಗೆ "ನಾಳೆಯಿಂದಲೇ ಬಿಟ್ಟುಬಿಡು" ಎಂದು ಹೇಳುವುದು ಅಪಾಯ. ಹಠಾತ್ತನೆ ನಿಲ್ಲಿಸಿದರೆ ಸೆಳವು ಬರಬಹುದು, ಪ್ರಾಣಕ್ಕೂ ಕುತ್ತಾದೀತು. ಶಿಕ್ಷಕ ವೈದ್ಯನಲ್ಲ. ಅಂಥವನನ್ನು ವಿರಾಮದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು, ಮಿಕ್ಕವರಿಗೆ ಕೇಳಿಸದಂತೆ, ವೈದ್ಯರ ಬಳಿಗೆ ಹೋಗೆಂದು ಹೇಳಿ ಕಳುಹಿಸುತ್ತಾನೆ.