ಲಡಾಖ್‌ಗೆ ಬೈಕ್ ಪ್ರವಾಸವೇ? ಮೊದಲು ರಾತ್ರಿಗಳ ಲೆಕ್ಕ ಹಾಕಿ

ಜೂನ್ ಬಂತೆಂದರೆ ನಮ್ಮ ಊರುಗಳ ಹುಡುಗರೂ ಬೈಕಿಗೆ ಚೀಲ ಬಿಗಿದು ಲಡಾಖ್‌ಗೆ ಹೊರಡುತ್ತಾರೆ. ನಿಮ್ಮ ಮನೆಯಲ್ಲೂ ಅಂಥ ಯೋಜನೆ ನಡೆಯುತ್ತಿದ್ದರೆ, ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀ ಎಂದು ಕೇಳುವ ಮೊದಲು, ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀ ಎಂದು ಮಗನನ್ನು ಕೇಳಿ. ಬೈಕ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಶ್ವಾಸಕೋಶದಲ್ಲಿ ನೀರು ತುಂಬಿದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೇ ಅಪಾಯ.

ನಮ್ಮ ಮುಳ್ಳಯ್ಯನಗಿರಿ 2,000 ಮೀಟರ್ ಎತ್ತರವೂ ಇಲ್ಲ. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. 5,300 ಮೀಟರ್ ದಾಟಿದ ಖಾರ್ದುಂಗ್ ಲಾದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ತೀರದಲ್ಲಿ ಸಿಗುವುದರ ಸುಮಾರು ಅರ್ಧದಷ್ಟು. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ದಿನಗಳು ಬೇಕು. ಜಿಮ್‌ಗೆ ಹೋಗುವ ಗಟ್ಟಿಮುಟ್ಟಾದ ಹುಡುಗನಿಗೂ ಇದರಲ್ಲಿ ವಿನಾಯಿತಿ ಇಲ್ಲ.

ಆದ್ದರಿಂದ ಮೊದಲ ಸಲ ಹೋಗುವವರಿಗೆ ಶ್ರೀನಗರ, ಕಾರ್ಗಿಲ್ ಮಾರ್ಗವೇ ಒಳ್ಳೆಯದು. ಕಾರ್ಗಿಲ್ 2,700 ಮೀಟರ್ ಆಸುಪಾಸಿನಲ್ಲಿರುವುದರಿಂದ ಅಲ್ಲಿ ರಾತ್ರಿ ಕಳೆದು ನಿಧಾನವಾಗಿ ಏರಬಹುದು. ಮನಾಲಿ ಕಡೆಯಿಂದ ಹೋಗುವವರು ಹೆಚ್ಚಾಗಿ ಸರ್ಚುವಿನಲ್ಲಿ, ಅಂದರೆ 4,200 ಮೀಟರ್‌ಗಿಂತ ಮೇಲೆ ಮಲಗಬೇಕಾಗುತ್ತದೆ. ತೊಂದರೆ ಶುರುವಾಗುವುದು ಅಲ್ಲೇ. ಲೇಹ್ ತಲುಪಿದ ಮೇಲೆ ಎರಡು ಪೂರ್ತಿ ದಿನ ಬೈಕ್ ಮುಟ್ಟದೆ ವಿಶ್ರಾಂತಿ ಪಡೆಯಿರಿ. ಗೆಳೆಯರು ನಕ್ಕರೆ ನಗಲಿ.

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಲಕ್ಷಣಗಳು. ಆಗ ಮೇಲೆ ಹತ್ತಬೇಡಿ. ಕುಳಿತಲ್ಲೇ ಏದುಸಿರು, ಕುಡಿದವರಂತೆ ತೂರಾಡುವ ನಡಿಗೆ, ಗೊಂದಲದ ಮಾತು ಕಂಡರೆ ಬೆಳಗಾಗಲಿ ಎಂದು ಕಾಯದೆ ತಕ್ಷಣ ಕೆಳಗಿಳಿಸಿ. ರೋಗಿಯ ಕೈಗೆ ಬೈಕ್ ಕೊಡದೆ ವಾಹನದಲ್ಲಿ ಕರೆದೊಯ್ಯಿರಿ. ನಿದ್ದೆ ಮಾತ್ರೆ ಬೇಡವೇ ಬೇಡ. ಅಸಿಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧ ಆಗದಿದ್ದರೆ ಅದನ್ನು ಅವರಿಗೆ ಮೊದಲೇ ಹೇಳಿ. ಅಸ್ತಮಾ, ಹೃದ್ರೋಗ, ರಕ್ತಹೀನತೆ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು.

ಚಳಿಯಲ್ಲಿ ವುಝೂ ಹೇಗೆ ಎಂಬ ಚಿಂತೆ ಹಲವರಿಗಿದೆ. ವುಝೂ ಮಾಡಿ ಧರಿಸಿದ ಚರ್ಮದ ಖುಫ್ಫ್‌ನ ಮೇಲೆ ಮಸ್‌ಹ್ ಮಾಡಲು ಮುಸಾಫಿರನಿಗೆ ಮೂರು ದಿನ, ಮೂರು ರಾತ್ರಿಯ ಅನುಮತಿ ಇದೆ. ಹಾಗೆಂದು ಬೆವರಿನಿಂದ ಒದ್ದೆಯಾದ ಕಾಲುಚೀಲದಲ್ಲೇ ಮೂರು ದಿನ ಕಳೆದರೆ ಬೆರಳ ಸಂದಿಯಲ್ಲಿ ಶಿಲೀಂಧ್ರ ಹಿಡಿಯುತ್ತದೆ. ರಾತ್ರಿ ಬಿಚ್ಚಿ, ಬಿಸಿನೀರಿನಲ್ಲಿ ಕಾಲು ತೊಳೆದು ಒರೆಸಿಕೊಳ್ಳಿ. ಬೆಳಿಗ್ಗೆ ಕಾಲು ತೊಳೆದೇ ವುಝೂ ಮಾಡಿ ಒಣ ಚೀಲ ಹಾಕಿ. ಕಸ್ರ್ ಮತ್ತು ಜಮ್‌ಅ್ ನಮಾಝ್‌ಗಳ ವಿಧಿಯನ್ನು ನಿಮ್ಮ ಮದ್‌ಹಬ್‌ನ ಉಲಮಾರಲ್ಲಿ ಕೇಳಿ ತಿಳಿದುಕೊಳ್ಳಿ.

ಕೊನೆಗೆ ಮನೆಯವರಿಗೊಂದು ಮಾತು. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ಹೊರಡುವ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿ. ಪ್ರತಿ ರಾತ್ರಿ ತಂಗುವ ಊರಿನ ಹೆಸರನ್ನು ಬರೆಸಿಕೊಂಡು, ಒಂದು ದಿನ ಕರೆ ಬರದಿದ್ದರೆ ಗಾಬರಿಯಾಗದೆ ಮರುದಿನದವರೆಗೆ ಕಾಯಿರಿ.