ಸಿಎನ್‌ಸಿ ಯಂತ್ರದಲ್ಲಿ ಮೂಲೆ ದುಂಡಾಗಿಸುವಿಕೆ

ಸಿಎನ್‌ಸಿ, ಅಂದರೆ ಗಣಕ ನಿಯಂತ್ರಿತ, ಮಿಲ್ಲಿಂಗ್ ಯಂತ್ರದಲ್ಲಿ ಎರಡು ಸರಳರೇಖೆಗಳು ಸೇರುವ ಮೂಲೆಗೆ ಕಂಸದ ಆಕಾರ ಬರುವಂತೆ ಕಟ್ಟರಿನ ಚಲನಪಥವನ್ನು ಪ್ರೋಗ್ರಾಂ ಮೂಲಕ ಸೂಚಿಸುವ ವಿಧಾನವನ್ನು ಮೂಲೆ ದುಂಡಾಗಿಸುವಿಕೆ ಎನ್ನುತ್ತಾರೆ. ಚೂಪಾದ ಒಳಮೂಲೆಯಲ್ಲಿ ಒತ್ತಡವು ಕೇಂದ್ರೀಕೃತವಾಗಿ ಬಿರುಕು ಹುಟ್ಟುವ ಸಂಭವವಿರುತ್ತದೆ. ಚೂಪಾದ ಹೊರಮೂಲೆಯು ಕೈಗೆ ಗಾಯ ಮಾಡಬಲ್ಲದು. ದುಂಡಾಗಿಸುವಿಕೆಯು ಇವೆರಡು ಅಪಾಯಗಳನ್ನೂ ತಗ್ಗಿಸುತ್ತದೆ.

ಪ್ರೋಗ್ರಾಂ ಬರೆಯುವ ಕ್ರಮ

ಜಿ-ಕೋಡ್‌ನಲ್ಲಿ ಜಿ01 ಸರಳರೇಖೆಯನ್ನೂ, ಜಿ02 ಪ್ರದಕ್ಷಿಣ ಕಂಸವನ್ನೂ, ಜಿ03 ಅಪ್ರದಕ್ಷಿಣ ಕಂಸವನ್ನೂ ಸೂಚಿಸುತ್ತವೆ. 60 ಮಿ.ಮೀ. ಉದ್ದ, 40 ಮಿ.ಮೀ. ಅಗಲದ ಆಯತಾಕಾರದ ಫಲಕವೊಂದರ ಕೆಳ ಎಡಮೂಲೆಯನ್ನು ಶೂನ್ಯಬಿಂದುವೆಂದು ಇಟ್ಟುಕೊಂಡು, ಮೇಲಿನ ಎಡಮೂಲೆಗೆ 5 ಮಿ.ಮೀ. ತ್ರಿಜ್ಯ ನೀಡಬೇಕೆಂದು ಭಾವಿಸೋಣ. ಲಂಬಕೋನದ ಮೂಲೆಯಾದುದರಿಂದ ರೇಖೆಯನ್ನು ತ್ರಿಜ್ಯದಷ್ಟು ಮೊದಲೇ ನಿಲ್ಲಿಸಬೇಕು:

ಜಿ01 ವೈ35
ಜಿ02 ಎಕ್ಸ್5 ವೈ40 ಆರ್5
ಜಿ01 ಎಕ್ಸ್60

ಕೆಲವು ಫ್ಯಾನುಕ್ ನಿಯಂತ್ರಕಗಳಲ್ಲಿ ಇದನ್ನೇ ಸಂಕ್ಷಿಪ್ತವಾಗಿ ಬರೆಯಬಹುದು. ಆಗ ಸ್ಪರ್ಶಬಿಂದುಗಳನ್ನು ಯಂತ್ರವೇ ಲೆಕ್ಕ ಹಾಕುತ್ತದೆ:

ಜಿ01 ವೈ40 ,ಆರ್5
ಎಕ್ಸ್60

ಸೀಮೆನ್ಸ್ ಮತ್ತು ಹೈಡೆನ್‌ಹೈನ್ ನಿಯಂತ್ರಕಗಳಲ್ಲಿ ಇದೇ ಕೆಲಸಕ್ಕೆ ಆರ್‌ಎನ್‌ಡಿ ಎಂಬ ಆದೇಶವಿದೆ.

ಕಟ್ಟರಿನ ತ್ರಿಜ್ಯದ ಪರಿಣಾಮ

ನಕ್ಷೆಯಲ್ಲಿ ಕಾಣುವ ತ್ರಿಜ್ಯ ಬೇರೆ, ಕಟ್ಟರಿನ ಕೇಂದ್ರವು ಸಾಗುವ ತ್ರಿಜ್ಯ ಬೇರೆ. 10 ಮಿ.ಮೀ. ವ್ಯಾಸದ ಕಟ್ಟರ್ ಮೇಲಿನ ಹೊರಮೂಲೆಯನ್ನು ಸುತ್ತುವಾಗ ಅದರ ಕೇಂದ್ರವು 5 ಕ್ಕೆ 5 ಸೇರಿ 10 ಮಿ.ಮೀ. ತ್ರಿಜ್ಯದಲ್ಲಿ ಚಲಿಸುತ್ತದೆ. ಜಿ41 ಅಥವಾ ಜಿ42 ಆದೇಶ ನೀಡಿದರೆ ಈ ವ್ಯತ್ಯಾಸವನ್ನು ನಿಯಂತ್ರಕವು ಸರಿಹೊಂದಿಸಿಕೊಳ್ಳುತ್ತದೆ. ಮೊದಲನೆಯದರಲ್ಲಿ ಕಟ್ಟರ್ ಚಲನೆಯ ದಿಕ್ಕಿಗೆ ಎಡಕ್ಕೂ, ಎರಡನೆಯದರಲ್ಲಿ ಬಲಕ್ಕೂ ಸರಿಯುತ್ತದೆ. ಮೇಲಿನ ಉದಾಹರಣೆಗೆ ಜಿ41 ಸೂಕ್ತ.

ಒಳಮೂಲೆಯಲ್ಲಿ ತ್ರಿಜ್ಯವನ್ನು ಕೂಡಿಸದೆ ಕಳೆಯಬೇಕು. ಆದ್ದರಿಂದ ಕಟ್ಟರಿನ ತ್ರಿಜ್ಯಕ್ಕಿಂತ ಚಿಕ್ಕದಾದ ಒಳಮೂಲೆಯನ್ನು ಅದೇ ಕಟ್ಟರಿನಿಂದ ಕೊರೆಯಲು ಸಾಧ್ಯವಿಲ್ಲ. ಹಾಗೆ ಪ್ರೋಗ್ರಾಂ ಬರೆದರೆ ಹೆಚ್ಚಿನ ನಿಯಂತ್ರಕಗಳು ಎಚ್ಚರಿಕೆ ನೀಡಿ ನಿಲ್ಲುತ್ತವೆ.

ವೇಗದ ಹೊಂದಾಣಿಕೆ

8 ಮಿ.ಮೀ. ತ್ರಿಜ್ಯದ ಒಳಮೂಲೆಯಲ್ಲಿ ಇದೇ ಕಟ್ಟರಿನ ಕೇಂದ್ರವು 3 ಮಿ.ಮೀ. ತ್ರಿಜ್ಯದಲ್ಲಷ್ಟೇ ತಿರುಗುತ್ತದೆ. ಗೋಡೆಗೆ ತಾಗಿದ ಅಂಚು ಅದೇ ಅವಧಿಯಲ್ಲಿ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ಅಂಚಿನಲ್ಲಿ ನಿಮಿಷಕ್ಕೆ 400 ಮಿ.ಮೀ. ಫೀಡ್ ಉಳಿಯಬೇಕಾದರೆ ಕೇಂದ್ರದ ಫೀಡನ್ನು ಎಂಟರಲ್ಲಿ ಮೂರು ಪಾಲಿಗೆ, ಅಂದರೆ 150 ಮಿ.ಮೀ.ಗೆ, ಇಳಿಸಬೇಕು. ಇಳಿಸದಿದ್ದರೆ ಕಟ್ಟರಿನ ಮೇಲೆ ಹೊರೆ ಏರಿ ಅದು ಬಾಗಬಹುದು ಅಥವಾ ಮುರಿಯಬಹುದು.

ಮೂಲೆಯ ತ್ರಿಜ್ಯವೂ ಕಟ್ಟರಿನ ತ್ರಿಜ್ಯವೂ ಸಮವಾಗಿದ್ದರೆ ಕೇಂದ್ರಕ್ಕೆ ಕಂಸವೇ ಉಳಿಯುವುದಿಲ್ಲ. ಕಟ್ಟರ್ ಮೂಲೆಯಲ್ಲಿ ಥಟ್ಟನೆ ದಿಕ್ಕು ಬದಲಿಸುವುದರಿಂದ ಮೇಲ್ಮೈಯಲ್ಲಿ ಕಂಪನದ ಗೆರೆಗಳು ಮೂಡುವುದುಂಟು. ಈ ಕಾರಣದಿಂದ ವಿನ್ಯಾಸಕಾರರು ಒಳಮೂಲೆಗೆ ಬಳಸಲಿರುವ ಕಟ್ಟರಿಗಿಂತ ತುಸು ದೊಡ್ಡ ತ್ರಿಜ್ಯವನ್ನು, ಉದಾಹರಣೆಗೆ 10 ಮಿ.ಮೀ. ಕಟ್ಟರಿಗೆ 6 ಮಿ.ಮೀ. ತ್ರಿಜ್ಯವನ್ನು, ನಕ್ಷೆಯಲ್ಲಿಯೇ ನಮೂದಿಸುತ್ತಾರೆ.